ಮೊರಾಂಡಿಯ ಸೀಸೆಗಳು

ವಸ್ತುಚಿತ್ರವೆಂದರೆ ಕೈ ಪಳಗಿಸುವ ಅಭ್ಯಾಸವೆಂದಷ್ಟೇ ಎಣಿಸುವ ವಾಡಿಕೆಯುಂಟು. ಇಟಲಿಯ ಜಾರ್ಜೊ ಮೊರಾಂಡಿಯ (1890–1964) ಕೃತಿಗಳು ಈ ಎಣಿಕೆಯನ್ನು ಅಲ್ಲಗಳೆಯುತ್ತವೆ. ಬೊಲೊನ್ಯಾದ ಕಲಾಶಾಲೆಯಲ್ಲಿ 1930ರಿಂದ 1956ರವರೆಗೆ ಬೋಧಿಸಿದ ಈತನು ಅವೇ ಸೀಸೆ, ಹೂಜಿ, ಡಬ್ಬಿಗಳನ್ನು ದಶಕಗಳ ಕಾಲ ಚಿತ್ರಿಸಿದನು. ಇದು ಏಕತಾನವೆಂಬ ಆಕ್ಷೇಪವನ್ನು ನಾವು ಒಪ್ಪಲಾರೆವು. ಸ್ಮೃತಿಯೆಂಬುದು ಒಮ್ಮೆ ಕಂಡುದರಲ್ಲಿ ನೆಲೆಸದು. ಮರಳಿ ಮರಳಿ ಕಂಡುದರಲ್ಲಿ ಬೇರೂರುತ್ತದೆ.

ಈತನು ಸೀಸೆಗಳಿಗೆ ಹೊಳಪಿಲ್ಲದ ಬಣ್ಣ ಬಳಿದು, ಮೇಲೆ ಧೂಳು ಕೂರಲು ಬಿಡುತ್ತಿದ್ದನು. ಹೀಗೆ ಹೊಳಪೂ ಬಳಕೆಯ ಗುರುತೂ ಅಳಿದ ಮೇಲೆ ಉಳಿಯುವುದೇನು? ಒಂದರ ಮಗ್ಗುಲಲ್ಲಿ ಇನ್ನೊಂದು ನಿಂತ ನೆರೆ, ನಡುವಣ ತೆರವು.

ದೂಧಗಂಗೆಯ ದಡದ ಸದಲಗಾದ ವಿದ್ಯಾರ್ಥಿಗೆ ಈ ಸೀಸೆಗಳು ಪರಕೀಯವೆನಿಸಬಹುದು. ಆದರೆ ಮನೆಯ ಗೂಡಿನಲ್ಲಿ ಅಜ್ಜಿಯ ತಂಬಿಗೆಯನ್ನು ಸರಿಸಿದ ದಿನ ಮೊದಲು ಕಣ್ಣಿಗೆ ಬೀಳುವುದು ಆ ಬರಿದಾದ ಎಡೆಯೇ ಅಲ್ಲವೆ? ಮೊರಾಂಡಿಯು ಚಿತ್ರಿಸಿದುದು ಆ ಎಡೆಯನ್ನು. ಚಿತ್ರದಲ್ಲಿ ಕಥೆಯನ್ನೇ ಅರಸುವ ನಮ್ಮ ವಿಮರ್ಶೆಯು ಈತನಿಂದ ಮೊದಲು ಕಲಿಯಬೇಕಾದುದು ನೋಡುವ ತಾಳ್ಮೆಯನ್ನು.