ಬಿತ್ತನೆ ಕಾಳು, ಚಿನ್ನದ ಪದಕ

2023ರ ಆಗಸ್ಟ್ 6, ಭಾನುವಾರ. ಮೆಲ್ಬರ್ನ್‌ನಲ್ಲಿ ರಾತ್ರಿಯಾಗುತ್ತಿತ್ತು, ನಮ್ಮಲ್ಲಿ ಊಟ ಮುಗಿಸಿ ಕಾಲು ಚಾಚಿಕೊಂಡು ಕೂತ ಸಂಜೆಯ ಹೊತ್ತು. ಮಹಿಳಾ ವಿಶ್ವಕಪ್ ಫುಟ್‌ಬಾಲ್‌ನ ಹದಿನಾರರ ಘಟ್ಟದಲ್ಲಿ ಅಮೆರಿಕ ಮತ್ತು ಸ್ವೀಡನ್ 120 ನಿಮಿಷ ಆಡಿಯೂ ಗೋಲು ಕಂಡಿರಲಿಲ್ಲ. ಪೆನಾಲ್ಟಿ ಶೂಟೌಟ್‌ನ ಕೊನೆಯಲ್ಲಿ ಸ್ವೀಡನ್‌ನ ಲೀನಾ ಹರ್ಟಿಗ್ ಒದ್ದ ಚೆಂಡನ್ನು ಅಮೆರಿಕದ ಗೋಲ್‌ಕೀಪರ್ ಅಲಿಸಾ ನೇಹರ್ ತಡೆದರು. ಚೆಂಡು ಮೇಲೆ ಚಿಮ್ಮಿತು, ಹಿಂದಕ್ಕೆ ವಾಲಿತು. ನೇಹರ್ ಮತ್ತೆ ಕೈಬೀಸಿ ಅದನ್ನು ಆಚೆ ತಳ್ಳಿದರು. ಒಳಗೋ ಹೊರಗೋ? ಗೆರೆ ಕಾಯುವ ಯಂತ್ರ ಹೇಳಿತು, ಒಳಗೆ. ಕೆಲವೇ ಮಿಲಿಮೀಟರ್ ಅಂತರ. ಅಲ್ಲಿಯವರೆಗಿನ ಯಾವ ವಿಶ್ವಕಪ್‌ನಲ್ಲೂ ಸೆಮಿಫೈನಲ್‌ಗೆ ಮೊದಲು ಮನೆಗೆ ಹೋಗದ ತಂಡ ಗಂಟುಮೂಟೆ ಕಟ್ಟಿತು.

ಮರುದಿನದಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: ತಂಡಕ್ಕೆ ವಯಸ್ಸಾಯಿತು. ಈ ಮಾತನ್ನು ನಾನು ಒಪ್ಪಿದವನಲ್ಲ. ಆ 23 ಜನರಲ್ಲಿ 14 ಮಂದಿಗೆ ಅದು ಮೊದಲ ವಿಶ್ವಕಪ್. ಹೆಸರುಗಳು ಹೊಸವೇ ಆಗಿದ್ದವು, ಆಡುವ ಕ್ರಮ ಹಳೆಯದಾಗಿತ್ತು. ಬೆಕಿ ಸಾವರ್‌ಬ್ರನ್ ಗಾಯಗೊಂಡಾಗ ಹಿಂದಿನ ಸಾಲಿನ ನಡುವೆ ಬಿದ್ದ ತೂತಿಗೆ ಜೂಲಿ ಅರ್ಟ್ಜ್ ಅವರನ್ನು ತೇಪೆ ಹಾಕಲಾಯಿತು. ಅವರು ಹಿಂದಿನ ವರ್ಷವಷ್ಟೇ ತಾಯಿಯಾಗಿ ಮರಳಿದ್ದವರು, 2019ರಲ್ಲಿ ಮಿಡ್‌ಫೀಲ್ಡ್ ಕಾದವರು. ಆಗ ಮಿಡ್‌ಫೀಲ್ಡ್‌ನ ಬುಡ ಸಡಿಲವಾಯಿತು. ಆ ಜಾಗಕ್ಕೆ ಹೇಳಿ ಮಾಡಿಸಿದಂತಿದ್ದ ಸ್ಯಾಮ್ ಕಾಫಿ ಪಟ್ಟಿಯಲ್ಲೇ ಇರಲಿಲ್ಲ. ನೆದರ್‌ಲೆಂಡ್ಸ್ ಎದುರು 1-1ರಲ್ಲಿ ಏದುಸಿರು ಬಿಡುತ್ತಿದ್ದ ಪಂದ್ಯದಲ್ಲಿ ಕೋಚ್ ವ್ಲಾಟ್ಕೊ ಆಂಡೊನೊವ್‌ಸ್ಕಿ ಬಳಸಿದ್ದು ಒಬ್ಬೇ ಒಬ್ಬ ಬದಲಿ ಆಟಗಾರ್ತಿಯನ್ನು. ಬೆಂಚಿನ ಮೇಲಿದ್ದವರನ್ನು ನಂಬುವುದಿಲ್ಲವೆಂದರೆ ಅವರನ್ನು ಕರೆತಂದದ್ದಾದರೂ ಏಕೆ?

ಆಂಡೊನೊವ್‌ಸ್ಕಿ ಆ ತಿಂಗಳೇ ರಾಜೀನಾಮೆ ಕೊಟ್ಟರು. ನವೆಂಬರ್‌ನಲ್ಲಿ ಹೊಸ ಕೋಚ್ ಆಗಿ ಎಮ್ಮಾ ಹೇಯ್ಸ್ ಹೆಸರು ಪ್ರಕಟವಾಯಿತು. ಆದರೆ ಅವರು ಚೆಲ್ಸಿಯಲ್ಲಿ ಋತು ಮುಗಿಸಿಯೇ ಬರುವುದೆಂದು ತೀರ್ಮಾನವಾಯಿತು, ಅಂದರೆ 2024ರ ಮೇ ಕೊನೆಗೆ. ಅಲ್ಲಿಯವರೆಗೆ ಟ್ವೈಲಾ ಕಿಲ್ಗೋರ್ ಹಂಗಾಮಿಯಾಗಿ ನಡೆಸಿದರು. ಫೆಬ್ರವರಿಯಲ್ಲಿ ಮೆಕ್ಸಿಕೊ ಎದುರು ಸ್ವಂತ ನೆಲದಲ್ಲೇ 0-2 ಸೋಲು, ಮಾರ್ಚ್‌ನಲ್ಲಿ ಬ್ರೆಜಿಲ್ ಮಣಿಸಿ ಗೋಲ್ಡ್ ಕಪ್. ಹೇಯ್ಸ್ ಕೈಗೆ ತಂಡ ಸಿಕ್ಕಾಗ ಒಲಿಂಪಿಕ್ಸ್‌ಗೆ ಮುನ್ನ ಉಳಿದಿದ್ದವು ನಾಲ್ಕೇ ಪಂದ್ಯ. ಎರಡನೆಯದರಲ್ಲಿ 16 ವರ್ಷದ ಲಿಲಿ ಯೊಹಾನೆಸ್ ಮೊದಲ ಸಲ ಕಣಕ್ಕಿಳಿದು ಗೋಲನ್ನೂ ಹೊಡೆದಳು.

ಒಲಿಂಪಿಕ್ಸ್ ಪಟ್ಟಿ ವಿಶ್ವಕಪ್‌ಗಿಂತ ಜುಗ್ಗ. 23 ಅಲ್ಲ, 18 ಮಂದಿ ಮಾತ್ರ. ಅದರಲ್ಲಿ ಇಬ್ಬರು ಗೋಲ್‌ಕೀಪರ್‌ಗಳಿಗೆ ಜಾಗ ಬಿಟ್ಟರೆ ಉಳಿಯುವುದು ಹದಿನಾರು. ದೇಶಕ್ಕಾಗಿ 123 ಗೋಲು ಹೊಡೆದ ಅಲೆಕ್ಸ್ ಮಾರ್ಗನ್ ಹೆಸರನ್ನು ಹೇಯ್ಸ್ ಅದರಿಂದ ಕೈಬಿಟ್ಟರು. ಪತ್ರಿಕೆಗಳು ಇದನ್ನೇ ಎದೆಗಾರಿಕೆ ಎಂದು ಕೊಂಡಾಡಿದವು. ನನಗೆ ಅದಕ್ಕಿಂತ ಮಹತ್ವದ್ದೆನಿಸಿದ್ದು ಯಾರೂ ಹೆಚ್ಚು ಮಾತಾಡದ ಇನ್ನೊಂದು ಆಯ್ಕೆ: ಹಿಂದಿನ ವರ್ಷ ಮನೆಯಲ್ಲಿ ಕೂತು ವಿಶ್ವಕಪ್ ನೋಡಿದ ಸ್ಯಾಮ್ ಕಾಫಿ ಮಿಡ್‌ಫೀಲ್ಡ್‌ನ ಬುಡಕ್ಕೆ ಬಂದರು. ಪ್ರಸಿದ್ಧರನ್ನು ತೆಗೆದರೆ ಸುದ್ದಿಯಾಗುತ್ತದೆ, ತೂತು ಮುಚ್ಚಿದರೆ ಆಗುವುದಿಲ್ಲ.

ಪ್ಯಾರಿಸ್‌ನ ಫೈನಲ್‌ನಲ್ಲಿ 57ನೇ ನಿಮಿಷಕ್ಕೆ ಮ್ಯಾಲರಿ ಸ್ವಾನ್ಸನ್ ಹೊಡೆದ ಗೋಲಿನಿಂದ ಬ್ರೆಜಿಲ್ ಸೋತಿತು. ಅದು ಅವರ ನೂರನೇ ಪಂದ್ಯ. ಹಿಂದಿನ ವರ್ಷ ಮೊಣಕಾಲಿನ ಗಾಯದಿಂದ ವಿಶ್ವಕಪ್ ತಪ್ಪಿಸಿಕೊಂಡವರು ಅವರು. ಸ್ವಾನ್ಸನ್, ಸೋಫಿಯಾ ಸ್ಮಿತ್, ಟ್ರಿನಿಟಿ ರಾಡ್ಮನ್ ಮೂವರ ಮುಂಚೂಣಿ ಇಡೀ ಕೂಟವನ್ನು ಎಳೆದುಕೊಂಡು ಹೋಯಿತು. ಜಪಾನ್ ಎದುರು ರಾಡ್ಮನ್, ಜರ್ಮನಿ ಎದುರು ಸ್ಮಿತ್, ಎರಡೂ ಹೆಚ್ಚುವರಿ ಅವಧಿಯಲ್ಲಿ, ಎರಡೂ 1-0.

ಚಿನ್ನದ ಹೊಳಪಿಗೆ ಒಂದು ದೋಷ ಮರೆಯಾಯಿತು. 17 ದಿನದಲ್ಲಿ ಆರು ಪಂದ್ಯ, ಬಹುತೇಕ ಅದೇ ಹನ್ನೊಂದು ಜನ. ಆಂಡೊನೊವ್‌ಸ್ಕಿಗೆ ಬೈಗುಳ ತಂದ ಅದೇ ಜಿಪುಣತನವನ್ನು ಹೇಯ್ಸ್ ಕೂಡ ತೋರಿದರು. ಗೆದ್ದದ್ದರಿಂದ ಅದು ಧೈರ್ಯ ಎನಿಸಿಕೊಂಡಿತು. ಜರ್ಮನಿ ಎದುರಿನ ಕೊನೆಯ ನಿಮಿಷದಲ್ಲಿ ನೇಹರ್ ಎಡಗಾಲು ಚಾಚಿ ಆ ಹೆಡರ್ ತಡೆಯದೇ ಹೋಗಿದ್ದರೆ ನಾವು ಇಂದು ಬೇರೆಯದೇ ವಿಮರ್ಶೆ ಬರೆಯುತ್ತಿದ್ದೆವು. ಹಾಗಾಗಿ ಪ್ಯಾರಿಸ್ ಅನ್ನು ಮರುಕಟ್ಟುವಿಕೆಯ ಫಲ ಎನ್ನಲು ನಾನು ಹಿಂಜರಿಯುತ್ತೇನೆ. ಅಲ್ಲಿ ಬೆಂದದ್ದು ಕಣಜದಲ್ಲಿ ಆಗಲೇ ಇದ್ದ ಕಾಳು. ಬಿತ್ತನೆ ಶುರುವಾದದ್ದು ಆಮೇಲೆ.

ಶುರುವಾದದ್ದೂ ಖಾಲಿಯಾದ ಹೊಲದಲ್ಲಿ. ಕೆಲ್ಲಿ ಒಹಾರಾ, ಮಾರ್ಗನ್, ನೇಹರ್, ಸಾವರ್‌ಬ್ರನ್, ಎಲ್ಲರೂ 2024 ಮುಗಿಯುವುದರೊಳಗೆ ಬೂಟು ಬಿಚ್ಚುವ ಮಾತಾಡಿದರು. ಪಳಗಿದವರ ಜಾಗ ಖಾಲಿಯಾಗುವುದು ನಿರೀಕ್ಷಿತ. ನಿರೀಕ್ಷಿಸದೇ ಇದ್ದದ್ದು ಇನ್ನೊಂದು: 2025ರ ವಸಂತದಲ್ಲಿ ಸ್ಮಿತ್ ಮತ್ತು ಸ್ವಾನ್ಸನ್ ಇಬ್ಬರೂ ತಾವು ಬಸುರಿ ಎಂದು ತಿಳಿಸಿದರು. ರಾಡ್ಮನ್ ಬೆನ್ನು ನೋವಿನೊಂದಿಗೆ ಗುದ್ದಾಡುತ್ತಿದ್ದರು. ಚಿನ್ನ ತಂದ ಮೂವರು ಆ ವರ್ಷ ಒಟ್ಟಿಗೆ ಒಂದು ಪಂದ್ಯವನ್ನೂ ಆಡಲಿಲ್ಲ.

ಪುರುಷರ ತಂಡದ ಕೋಚ್‌ಗೆ ಈ ಲೆಕ್ಕ ಎಂದೂ ಬರುವುದಿಲ್ಲ. ಆದರೂ ಮಹಿಳಾ ತಂಡಗಳ ಪಟ್ಟಿ ಕಟ್ಟುವ ಪದ್ಧತಿ ಬಹಳ ಕಾಲ ಗಂಡಸರ ಪಂಚಾಂಗವನ್ನೇ ನೋಡಿಕೊಂಡು ನಡೆಯಿತು. ಹೆರಿಗೆ ಎಂದರೆ ಗಾಯದ ಸಾಲಿಗೆ ಸೇರಿಸುವ ಅಡಚಣೆ. ಚೆಲ್ಸಿಯಲ್ಲಿ ಆಟಗಾರ್ತಿಯರ ಮುಟ್ಟಿನ ದಿನಗಳಿಗೆ ತಕ್ಕಂತೆ ತರಬೇತಿ ಬದಲಿಸಿದ್ದ ಹೇಯ್ಸ್‌ಗೆ ಈ ವಿಷಯ ಹೊಸದಲ್ಲ. ಇಬ್ಬರ ಗೈರನ್ನು ಅವರು ಕೊರತೆಯೆಂದು ಅಳಲಿಲ್ಲ, ಮುಂದಿನ ಸಾಲಿಗೆ ಮೂವರು ನಾಲ್ವರನ್ನು ಒರೆಹಚ್ಚುವ ಅವಕಾಶ ಮಾಡಿಕೊಂಡರು. 2027ಕ್ಕೆ ಬ್ರೆಜಿಲ್‌ನಲ್ಲಿ ವಿಶ್ವಕಪ್. ತಾಯ್ತನಕ್ಕೆ ಬಿಡುವು ಸಿಗುವ ಕಾಲ ಎರಡು ದೊಡ್ಡ ಕೂಟಗಳ ನಡುವಿನದೇ ಎಂಬುದು ಆಟಗಾರ್ತಿಯರಿಗೂ ಗೊತ್ತು.

2025ರ ಜನವರಿಯಲ್ಲಿ ಹಿರಿಯರ ಶಿಬಿರದ ಪಕ್ಕದಲ್ಲೇ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಇನ್ನೊಂದು ಶಿಬಿರ, ನಾಳೆಯವರಿಗೆ. ಇದು ನನಗೆ ಹೇಯ್ಸ್ ಅವರ ಅತ್ಯುತ್ತಮ ಕೆಲಸ. ಹುಡುಗಿಗೆ ಮೊದಲ ಪಂದ್ಯಕ್ಕೆ ಮುಂಚೆಯೇ ದೊಡ್ಡವರ ಊಟದ ಮೇಜು, ದೊಡ್ಡವರ ವೇಗ ಎರಡೂ ಪರಿಚಯವಾಗುತ್ತವೆ. ಆದರೆ ಮುಂದಿನ ತಿಂಗಳೇ ಬೆಲೆ ತೆರಬೇಕಾಯಿತು. 2020ರಿಂದ ಕೈಬಿಡದ ಶಿಬಿಲೀವ್ಸ್ ಕಪ್ ಸ್ಯಾನ್ ಡಿಯಾಗೊದಲ್ಲಿ 2-1ಕ್ಕೆ ಜಪಾನ್ ಪಾಲಾಯಿತು. ಏಪ್ರಿಲ್‌ನಲ್ಲಿ ಬ್ರೆಜಿಲ್ ಎದುರು ಒಂದು ಗೆಲುವು, ಮೂರು ದಿನದಲ್ಲಿ ಒಂದು ಸೋಲು. ಅಕ್ಟೋಬರ್‌ನಲ್ಲಿ ಪೋರ್ಚುಗಲ್ ಕೂಡ 2-1ರಲ್ಲಿ ಕೆಡವಿತು, ಮೊದಲ ನಿಮಿಷದಲ್ಲೇ ಮುಂದಿದ್ದ ತಂಡವನ್ನು.

ಆ ಸೋಲುಗಳ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಬೇಸಿಗೆಯ ಗೆಲುವುಗಳ ಬಗ್ಗೆ. ಜಮೈಕಾ ಮೇಲೆ 4-0, ಐರ್ಲೆಂಡ್ ಮೇಲೆ ಎರಡು ಸಲ 4-0. ಹೇಯ್ಸ್ ಕಾಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಮೊದಲ ಸಲ ಜರ್ಸಿ ತೊಟ್ಟರು. ಅವರಲ್ಲಿ ಕೆಲವರಿಗೆ ಸಿಕ್ಕಿದ್ದು ಇಂಥ ನೀರುಮಜ್ಜಿಗೆ ಪಂದ್ಯ. ಅಲ್ಲಿ ಚೆನ್ನಾಗಿ ಆಡಿದ ಹುಡುಗಿಯ ಬಗ್ಗೆ ನಮಗೆ ಏನು ತಿಳಿಯಿತು? ಜಪಾನ್ ಎದುರು ಚೆಂಡು ಕಳೆದುಕೊಂಡವಳ ಬಗ್ಗೆ ತಿಳಿದಷ್ಟೂ ತಿಳಿಯಲಿಲ್ಲ. ಮೊದಲ ಪಂದ್ಯಗಳನ್ನು ಎಣಿಸುತ್ತಾ ಹೋದರೆ ಪಟ್ಟಿ ಉದ್ದವಾಗುತ್ತದೆ, ತಂಡವಾಗುವುದಿಲ್ಲ.

ಇಷ್ಟು ಗೊಣಗಲು ನಮಗೇನು ಹಕ್ಕು ಎಂದು ಕೇಳಬಹುದು. ಅಮೆರಿಕದ ಲೀಗ್‌ನಲ್ಲಿ 2024ರಲ್ಲಿ ಒಂದು ತಂಡಕ್ಕೆ 26 ಪಂದ್ಯ. ನಮ್ಮ ಇಂಡಿಯನ್ ವುಮೆನ್ಸ್ ಲೀಗ್‌ನ 2024-25ರ ಋತುವಿನಲ್ಲಿ 14. ಏಷ್ಯನ್ ಕಪ್ ಅರ್ಹತಾ ಸುತ್ತಿಗೆ ಮುನ್ನ ಭಾರತದ ಹುಡುಗಿಯರು ಬೆಂಗಳೂರಿನಲ್ಲೇ ಬೀಡುಬಿಟ್ಟು ಉಜ್ಬೇಕಿಸ್ತಾನಕ್ಕೆ ಎರಡೂ ಸಲ 0-1ರಲ್ಲಿ ಸೋತರು. ಮರು ತಿಂಗಳು ಚಿಯಾಂಗ್ ಮಾಯ್‌ನಲ್ಲಿ ಸಂಗೀತಾ ಬಾಸ್ಫೋರ್ ಹೊಡೆದ ಎರಡು ಗೋಲಿನಿಂದ ಥಾಯ್ಲೆಂಡನ್ನೇ ಮಣಿಸಿ ಅರ್ಹತೆ ಪಡೆದರು. ಆ ಎರಡು ಸೋಲುಗಳೂ ವ್ಯರ್ಥವಾಗಿರಲಿಲ್ಲ ಎಂದೇ ನನ್ನ ಎಣಿಕೆ.

ಅಮೆರಿಕದಲ್ಲಿ ನನ್ನ ಕಣ್ಣು ಈಗ ಒಂದೇ ಜಾಗದ ಮೇಲಿದೆ. ನೇಹರ್ ಹೋದ ಮೇಲೆ 2025ರಲ್ಲಿ ಗೋಲ್ ಕಂಬಗಳ ನಡುವೆ ಫ್ಯಾಲನ್ ಟುಲಿಸ್-ಜಾಯ್ಸ್, ಕ್ಲಾಡಿಯಾ ಡಿಕಿ ಸರದಿಯಂತೆ ನಿಂತರು. ಫಾರ್ವರ್ಡ್‌ಗಳಲ್ಲಿ ಐವರನ್ನು ಒಮ್ಮೆಗೇ ಪರೀಕ್ಷಿಸಬಹುದು, ಕೀಪರ್ ಜಾಗ ಒಂದೇ. ಒಬ್ಬಾಕೆ ಅಲ್ಲಿ ಸತತವಾಗಿ ನಿಂತು, ಒಂದೆರಡು ಕೆಟ್ಟ ಗೋಲು ಬಿಟ್ಟುಕೊಟ್ಟು, ಮರುವಾರವೂ ಅಲ್ಲೇ ನಿಲ್ಲಬೇಕು. 2025 ಮುಗಿಯುವವರೆಗೂ ಹೇಯ್ಸ್ ಆ ಒಬ್ಬಾಕೆ ಯಾರೆಂದು ಹೇಳಲಿಲ್ಲ.