ಕೃಷಿ ಹೊಂಡದ ಪಕ್ಕದ ಬೋರ್ಡು

ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ನಮ್ಮ ಕಂಪನಿಯ ಸಿಎಸ್‌ಆರ್ ವರದಿಯಲ್ಲಿ ‘600 ಗ್ರಾಮೀಣ ಬದುಕುಗಳಲ್ಲಿ ಬದಲಾವಣೆ’ ಅಂತ ಒಂದು ಸ್ಲೈಡ್ ಇದೆ. ಅದನ್ನು ಮಾಡಿದ್ದು ನಾನೇ. ಕೋಲಾರ ಜಿಲ್ಲೆಯ ಒಂದು ಊರಿನಲ್ಲಿ 120 ಮನೆಗಳಿಗೆ ತಲಾ ಹತ್ತು ಮಾವಿನ ಸಸಿ ಹಂಚಿದ್ದೆವು, ನಾಲ್ಕಾರು ಕೃಷಿ ಹೊಂಡ ಮಾಡಿಸಿದ್ದೆವು. ಮನೆಗೆ ಐದು ಜನ ಅಂತ ಹಿಡಿದು ಎಕ್ಸೆಲ್‌ನಲ್ಲಿ ಗುಣಿಸಿದೆ, ಅಷ್ಟೇ. ತೊಟ್ಟಿಲಲ್ಲಿದ್ದ ಕೂಸು, ಹಾಸಿಗೆ ಹಿಡಿದಿದ್ದ ಅಜ್ಜಿ, ಊರು ಬಿಟ್ಟು ಬಂದು ಬೆಂಗಳೂರಿನ ಯಾವುದೋ ಟೆಕ್ ಪಾರ್ಕಿನ ಗೇಟಲ್ಲಿ ನಿಂತಿರೋ ಮಗ, ಎಲ್ಲರ ಬದುಕೂ ಬದಲಾಗಿಬಿಟ್ಟಿತು.

ನಾವು ಸಸಿ ನೆಡೋಕೆ ಹೋಗಿದ್ದು ಮಾರ್ಚ್ ಎರಡನೇ ವಾರ. ಎರಡು ವೋಲ್ವೊ ಬಸ್ಸು, ಒಂದೇ ಬಣ್ಣದ ಟೀ ಶರ್ಟು, ಮಧ್ಯಾಹ್ನಕ್ಕೆ ಬಿಸಿಬೇಳೆ ಬಾತು. ಗುಂಡಿಗಳನ್ನು ಮೊದಲೇ ತೆಗೆಸಿಟ್ಟಿದ್ದರು, ನಾವು ಮಣ್ಣು ಎಳೆದು ಫೋಟೋ ತೆಗೆಸಿಕೊಂಡೆವು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು, “ಇದು ಗಿಡ ಹಾಕೋ ಕಾಲ ಅಲ್ಲ ಸ್ವಾಮಿ, ಒಂದೆರಡು ಮಳೆ ಬಿದ್ದ ಮೇಲೆ ಕೊಟ್ಟಿದ್ರೆ ಆಗ್ತಿತ್ತು” ಅಂದರು. ನಾನು ಇದನ್ನ ನಮ್ಮ ಸಿಎಸ್‌ಆರ್ ಮ್ಯಾನೇಜರ್‌ಗೆ ಹೇಳಿದೆ. ಅವರು ನಕ್ಕು, “ನಮ್ಮ ಮಳೆಗಾಲ ಮಾರ್ಚ್ 31ಕ್ಕೆ ಮುಗಿಯುತ್ತೆ” ಅಂದರು. ಆಗ ನನಗೂ ನಗು ಬಂತು.

ಕಾನೂನು ಗೊತ್ತಿಲ್ಲದವರಿಗೆ ಎರಡು ಮಾತು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿವ್ವಳ ಮೌಲ್ಯ 500 ಕೋಟಿಯೋ, ವಹಿವಾಟು 1000 ಕೋಟಿಯೋ, ನಿವ್ವಳ ಲಾಭ 5 ಕೋಟಿಯೋ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಇದು ಜಾರಿಗೆ ಬಂದಿದ್ದು 2014ರ ಏಪ್ರಿಲ್‌ನಲ್ಲಿ. ಮೊದಮೊದಲು ಖರ್ಚಾಗದಿದ್ದರೆ ಯಾಕೆ ಅಂತ ವಿವರಣೆ ಬರೆದರೆ ಸಾಕಿತ್ತು. 2021ರಿಂದ ಬಿಗಿಯಾಯ್ತು. ಈಗ ಹಲವು ವರ್ಷದ ಯೋಜನೆ ಅಂತ ಮೊದಲೇ ಮಂಜೂರು ಮಾಡಿಸಿಕೊಂಡರೆ ಉಳಿದ ಹಣವನ್ನು ಪ್ರತ್ಯೇಕ ಖಾತೆಗೆ ಹಾಕಿ ಮೂರು ವರ್ಷದೊಳಗೆ ಖರ್ಚು ಮಾಡಬಹುದು. ಇಲ್ಲದಿದ್ದರೆ ಅದು ಸರ್ಕಾರ ಹೇಳಿದ ನಿಧಿಗೆ ಹೋಗುತ್ತೆ. ಅಂದ್ರೆ ಜೂನ್‌ವರೆಗೆ ಕಾಯೋಕೆ ದಾರಿ ಇತ್ತು. ಆದರೆ ಆ ದಾರಿಗೆ ಮೊದಲೇ ಕೂತು ಯೋಚಿಸಬೇಕು, ಬೋರ್ಡಿನ ಮುಂದೆ ಇಡಬೇಕು. ಮಾರ್ಚಲ್ಲಿ ಸಸಿ ನೆಡೋದು ಸುಲಭ.

ಎರಡು ವರ್ಷದ ಮೇಲೆ, ಅಂತರಗಂಗೆಗೆ ಟ್ರೆಕ್ ಹೋಗಿದ್ದಾಗ, ಯಾಕೋ ಆ ಊರಿಗೂ ಹೋಗೋಣ ಅನ್ನಿಸಿತು. ಮಾವಿನ ಸಸಿಗಳ ಬಗ್ಗೆ ಹೆಚ್ಚು ಹೇಳೋಕೆ ಏನೂ ಇಲ್ಲ. ನಾನು ನೋಡಿದ ಮೂರು ಹೊಲಗಳಲ್ಲಿ ನಾಲ್ಕು ಗಿಡ ಉಳಿದಿದ್ದವು. ಮಾವು ಕೈಗೆ ಕಾಸು ಕೊಡೋಕೆ ನಾಲ್ಕೈದು ವರ್ಷ ಬೇಕು. ಅಲ್ಲಿವರೆಗೆ ಅದಕ್ಕೆ ನೀರು ಹಾಕೋರು ಯಾರು, ಆ ನೀರು ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆಗೆ ನಮ್ಮ ಯೋಜನೆಯಲ್ಲಿ ಜಾಗವೇ ಇರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊಂಡ. ಅದು ಕೆಟ್ಟ ಯೋಚನೆ ಅಲ್ಲವೇ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಕೋಲಾರದಲ್ಲಿ ವರ್ಷವಿಡೀ ಹರಿಯೋ ಹೊಳೆ ಇಲ್ಲ. (2018ರಿಂದ ನಾವು ಬೆಂಗಳೂರಿನವರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅಲ್ಲಿನ ಕೆರೆಗಳಿಗೆ ನಮ್ಮ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸ್ತಿದ್ದೀವಿ. ನಮ್ಮ ಕೊಡುಗೆಗಳ ಪಟ್ಟಿಗೆ ಅದನ್ನೂ ಸೇರಿಸಿಕೊಳ್ಳಿ.) ಸಾವಿರ ಅಡಿ ದಾಟಿದ ಬೋರ್‌ವೆಲ್‌ನಲ್ಲೂ ಬರೋದು ಬೆರಳು ಗಾತ್ರದ ನೀರು, ಅದೂ ತ್ರೀ ಫೇಸ್ ಕರೆಂಟ್ ಇದ್ದಷ್ಟು ಹೊತ್ತು. ಆ ನೀರನ್ನ ರಾತ್ರಿಯೆಲ್ಲಾ ಹೊಂಡಕ್ಕೆ ತುಂಬಿಸಿಟ್ಟು ಬೆಳಗ್ಗೆ ಡ್ರಿಪ್‌ಗೆ ಬಿಟ್ಟರೆ ಒಂದು ಎಕರೆ ಟೊಮ್ಯಾಟೊ ಬದುಕುತ್ತೆ. ಮೊದಲ ವರ್ಷ ಹಾಗೇ ಬದುಕಿತ್ತಂತೆ.

ಆಮೇಲೆ ತಳಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಒಂದು ಮೂಲೆಯಲ್ಲಿ ಸೀಳಿತು. ನೀರಿಗೆ ಇಳಿಯೋಕೆ ಹೋದ ನಾಯಿ ಉಗುರು ತಾಗಿಸಿತಂತೆ. ಬೇಲಿ ಹಾಕಿಸಿರಲಿಲ್ಲ. ರೈತರು ಎನ್‌ಜಿಒಗೆ ಫೋನ್ ಮಾಡಿದರು. ಎನ್‌ಜಿಒದವರು, ಪ್ರಾಜೆಕ್ಟು ಮುಗೀತು, ರಿಪೇರಿಗೆ ಬಜೆಟ್ ಇಲ್ಲ ಅಂದರು. ಆ ಮಾತೂ ಸುಳ್ಳಲ್ಲ. ನಾನು ಹೋದಾಗ ಹೊಂಡದ ತಳದಲ್ಲಿ ಮೊಣಕಾಲುದ್ದ ಪಾರ್ಥೇನಿಯಂ. ದಂಡೆಯ ಮೇಲೆ ನಮ್ಮ ಕಂಪನಿಯ ಬೋರ್ಡು ಮಾತ್ರ ಹೊಸದರ ಹಾಗೇ ಇತ್ತು, ಗಾಲ್ವನೈಸ್ಡ್ ಕಂಬ, ಕಾಂಕ್ರೀಟ್ ಬುಡ. ಬೇಲಿಗೆ ಇಲ್ಲದ ದುಡ್ಡು ಬೋರ್ಡಿಗೆ ಇತ್ತು.

ವರದಿಯ ಮಟ್ಟಿಗೆ ಆ ಹೊಂಡ ಇನ್ನೂ ತುಂಬಿದೆ. ಮತ್ತೆ ಹೋಗಿ ನೋಡಬೇಕು ಅಂತ ನಮಗೆ ಯಾರೂ ಹೇಳಿಲ್ಲ. ಹೊರಗಿನವರಿಂದ ಪರಿಣಾಮದ ಅಧ್ಯಯನ ಮಾಡಿಸಬೇಕು ಅನ್ನೋ ನಿಯಮ ಇರೋದು ವರ್ಷಕ್ಕೆ ಸರಾಸರಿ 10 ಕೋಟಿ ಸಿಎಸ್‌ಆರ್ ಹೊಣೆ ಇರೋ ಕಂಪನಿಗಳಿಗೆ, ಅದೂ 1 ಕೋಟಿ ಅಥವಾ ಅದಕ್ಕಿಂತ ದೊಡ್ಡ ಯೋಜನೆಗಳಿಗೆ. ನಮ್ಮದು ಅಷ್ಟು ದೊಡ್ಡದಲ್ಲ. ಕಾನೂನು ನಮ್ಮನ್ನು ಕೇಳೋದು ಎಷ್ಟು ಖರ್ಚಾಯ್ತು ಅಂತ. ರೈತನಿಗೆ ಎಷ್ಟು ಉಳೀತು ಅಂತ ಕೇಳಿದ್ದರೆ ನನ್ನ ಸ್ಲೈಡ್ ಬೇರೆ ಥರ ಇರ್ತಿತ್ತು.

ಎಲ್ಲರೂ ಹೀಗೇ ಅಂತಲ್ಲ. ಬೈಫ್ ಸಂಸ್ಥೆಯವರು 1980ರ ದಶಕದಲ್ಲಿ ಗುಜರಾತಿನ ವಾಂಸದಾದ ಬುಡಕಟ್ಟು ರೈತರ ಜೊತೆ ‘ವಾಡಿ’ ಅಂತ ಶುರು ಮಾಡಿದರು. ಎಕರೆಯಷ್ಟು ಜಾಗದಲ್ಲಿ ಹಣ್ಣಿನ ಗಿಡ, ಬದುವಿನಲ್ಲಿ ಕಾಡು ಮರ, ಫಲ ಬರೋವರೆಗೆ ಸಾಲುಗಳ ನಡುವೆ ಹೊಟ್ಟೆಗೆ ಬೇಕಾದ ಬೆಳೆ. ಆಮೇಲೆ ನಬಾರ್ಡ್ ಕೂಡ ಅದನ್ನ ಬೇರೆ ರಾಜ್ಯಗಳಿಗೆ ಒಯ್ದಿತು. ಇಲ್ಲೇ ತಿಪಟೂರಿನಲ್ಲಿ ಬೈಫ್‌ನ ಕೇಂದ್ರ ದಶಕಗಳಿಂದ ಇದೆ. ಗಿಡ ಒಣಗಿದರೆ ಹೋಗಿ ಕೇಳೋಕೆ ಒಂದು ವಿಳಾಸ ಇದೆ ಅಂತಾಯ್ತು. ನಮಗೆ ಇದ್ದಿದ್ದು ಬಸ್ಸು.

ಹೊಂಡದ ದಂಡೆಯಲ್ಲಿ ಕೂತು ಆ ರೈತರು ಹೇಳಿದ್ದರಲ್ಲಿ ನೀರಿಗಿಂತ ಹೆಚ್ಚು ಬಂದಿದ್ದು ರೇಟಿನ ಮಾತು. ಕೋಲಾರ ಎಪಿಎಂಸಿಯಲ್ಲಿ ಟೊಮ್ಯಾಟೊ ಹೋಗೋದು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಬಾಕ್ಸಿಗೆ 2000 ದಾಟಿದ್ದು ನಿಮಗೆ ನೆನಪಿರಬಹುದು, ಆಗ ವಾಟ್ಸಾಪ್ ತುಂಬಾ ಟೊಮ್ಯಾಟೊ ಜೋಕೇ. ಅದೇ ಟೊಮ್ಯಾಟೊ ಬಿಡಿಸೋ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದ ದಿನಗಳಲ್ಲಿ ಯಾರೂ ಜೋಕ್ ಕಳಿಸಲ್ಲ. “ಹಾಲಿಗಾದ್ರೆ ಡೇರಿ ಐತೆ, ಫ್ಯಾಟ್ ನೋಡಿ ಇಷ್ಟು ಅಂತ ಕೊಡ್ತಾರೆ. ಇದಕ್ಕೆ ಯಾರವ್ರೆ?” ಅಂದರು.

ವಾಪಸ್ ಬಂದ ಸೋಮವಾರ ಕ್ಯಾಂಟೀನಿನಲ್ಲಿ ರಸಂ ಕುಡೀತಾ ನನಗೆ ತಲೆಗೆ ಹೊಳೀತು. ನಮ್ಮ ಕ್ಯಾಂಪಸ್ಸಿನಲ್ಲಿ ದಿನಾ ಸಾವಿರಾರು ಜನ ಉಣ್ತೀವಲ್ಲ, ಟೊಮ್ಯಾಟೊ ಎಲ್ಲಿಂದ ಬರುತ್ತೆ? ಮ್ಯಾನೇಜರ್‌ಗೆ ಕೇಳಿದೆ. ಕ್ಯಾಟರಿಂಗ್ ಕಂಟ್ರಾಕ್ಟರ್ ತರ್ತಾರೆ, ಎಲ್ಲಿಂದ ಅಂತ ಗೊತ್ತಿಲ್ಲ ಅಂದರು. ಆ ಊರಿನವರ ಹತ್ತಿರ ವರ್ಷಪೂರ್ತಿ ಒಂದು ಗೊತ್ತಾದ ರೇಟಿಗೆ ಕೊಳ್ಳಬಹುದಲ್ವಾ? “ಅದು ಪ್ರೊಕ್ಯೂರ್‌ಮೆಂಟ್. ಸಿಎಸ್‌ಆರ್‌ನಲ್ಲಿ ತೋರಿಸೋಕೆ ಬರಲ್ಲ.”

ಅವರು ಹೇಳಿದ್ದು ನಿಜ. ಕಂಪನಿ ತನ್ನ ಮಾಮೂಲಿ ವ್ಯವಹಾರಕ್ಕೆ ಮಾಡೋ ಖರ್ಚು ಸಿಎಸ್‌ಆರ್ ಅಲ್ಲ ಅಂತ ನಿಯಮವೇ ಇದೆ. ಇರಬೇಕಾದ್ದೇ, ಇಲ್ಲದಿದ್ದರೆ ಎಲ್ಲರೂ ತಮ್ಮ ಜಾಹೀರಾತನ್ನೇ ಸೇವೆ ಅಂತ ತೋರಿಸ್ತಿದ್ರು. ಆದರೆ ಕಾನೂನು ಬೇಡ ಅಂದಿರೋದು ಲೆಕ್ಕದಲ್ಲಿ ತೋರಿಸೋದನ್ನ, ಟೊಮ್ಯಾಟೊ ಕೊಳ್ಳೋದನ್ನಲ್ಲ. ಇದನ್ನ ನಾನು ಮೇಲ್‌ನಲ್ಲಿ ಬರೆದು ಕ್ಯಾಂಟೀನ್ ಕಮಿಟಿಗೂ ಹಾಕಿದೆ. ‘ಒಳ್ಳೆಯ ಸಲಹೆ, ಪರಿಶೀಲಿಸುತ್ತೇವೆ’ ಅಂತ ಉತ್ತರ ಬಂತು. ಅದಾಗಿ ಏಳು ತಿಂಗಳು.

ಕಳೆದ ವಾರ ಆ ರೈತರೇ ಫೋನ್ ಮಾಡಿದ್ದರು. ಸಸಿ ಬಗ್ಗೆ ಮಾತಿಲ್ಲ, ಕಂಪನಿ ಬಗ್ಗೆಯೂ ಇಲ್ಲ. ಹೊಂಡದ ಹಾಳೆ ಸೀಳಿರೋ ಕಡೆ ತೇಪೆ ಹಾಕೋಕೆ ಒಂದು ಥರ ಅಂಟು ಬರುತ್ತಂತೆ, ಕೋಲಾರದಲ್ಲಿ ಸಿಗ್ತಿಲ್ಲ, ನಿಮ್ಮ ಬೆಂಗಳೂರಲ್ಲಿ ಸಿಗುತ್ತಾ ಅಂತ ಕೇಳಿದರು. ಶನಿವಾರ ಎಸ್‌ಜೆಪಿ ರೋಡಿಗೆ ಹೋಗ್ತಿದ್ದೀನಿ. ಯಾವ ಅಂಗಡಿ ಅಂತ ಗೊತ್ತಿದ್ದವರು ಹೇಳಿ.