ವಂಶವಾಹಿಸಮಷ್ಟಿ: ಒಂದು ಶಬ್ದವಿಚಾರ

ಶಾಸ್ತ್ರಗ್ರಂಥಗಳ ಗುಣದೋಷ ವಿಮರ್ಶೆಯಲ್ಲಿ ಮೊದಲು ಪರೀಕ್ಷಿಸತಕ್ಕದ್ದು ಪಾರಿಭಾಷಿಕ ಶಬ್ದ. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಇವರು 1918ರಲ್ಲಿ “ವಿಜ್ಞಾನ” ಪತ್ರಿಕೆಯನ್ನು ಹೊರಡಿಸಿದಂದಿನಿಂದಲೂ ಕನ್ನಡದಲ್ಲಿ ಈ ತೊಡಕು ಇದ್ದೇ ಇದೆ. ಮೆಟಾಜೀನೋಮಿಕ್ಸ್ ಎಂಬ ನೂತನಶಾಸ್ತ್ರದಲ್ಲಿ ಅದು ಇಮ್ಮಡಿಯಾಗಿದೆ.

ಶಾಸ್ತ್ರದ ಸ್ವರೂಪವು ಇಂತಿದೆ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಬಹುಭಾಗವು ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಯವು. ಆದಕಾರಣ ಒಂದೊಂದನ್ನೂ ಬೇರೆಯಾಗಿ ಸಾಕದೆ, ಚಿಟಿಕೆ ಮಣ್ಣಿನಿಂದ ಎಲ್ಲ ಜೀವಿಗಳ ಡಿ.ಎನ್.ಎ.ಯನ್ನು ಒಟ್ಟಿಗೆ ತೆಗೆದು, ಅದರ ಅಕ್ಷರಕ್ರಮವನ್ನು ಓದಿ, ಮೊದಲೇ ತಿಳಿದವುಗಳೊಡನೆ ಹೋಲಿಸಿ, ಅಲ್ಲಿರುವ ಕುಲಗಳಾವುವೆಂದು ನಿರ್ಣಯಿಸುತ್ತಾರೆ. ಈ ಸಮೂಹಕ್ಕೆ “ಮೆಟಾಜೀನೋಮ್” ಎಂಬ ಹೆಸರನ್ನು 1998ರಲ್ಲಿ ಜೋ ಹ್ಯಾಂಡೆಲ್ಸ್‌ಮನ್ ಮೊದಲಾದವರು ಇಟ್ಟರು.

“ಮೆಟಾ” ಎಂಬ ಗ್ರೀಕ್ ಉಪಸರ್ಗಕ್ಕೆ “ಅಧಿ” ಎಂದರೆ ಒಡೆತನ ತೋರುತ್ತದೆ, “ಅತಿ” ಎಂದರೆ ಮೀರಿಕೆ. ಎರಡೂ ಇಲ್ಲಿ ಅನ್ವಯಿಸವು. ವೇದಾಂತಿಗಳು ಮರಗಳನ್ನು ವ್ಯಷ್ಟಿಗೂ ವನವನ್ನು ಸಮಷ್ಟಿಗೂ ದೃಷ್ಟಾಂತವಾಗಿ ಹೇಳುವರು. ಆ ಸಮಷ್ಟಿಯೇ ಇಲ್ಲಿಯ ವಿವಕ್ಷೆ. ಆದರೆ “ಸಮಷ್ಟಿಜೀನೋಮ್” ಎಂದು ಹೊಲಿಯುವುದು ತರವಲ್ಲ. ಸಂಸ್ಕೃತ ಕನ್ನಡಗಳ ಅರಿಸಮಾಸವನ್ನೇ ಸಹಿಸದ ಕವಿರಾಜಮಾರ್ಗಕಾರನು ಸಂಸ್ಕೃತ ಗ್ರೀಕ್‌ಗಳ ಈ ಬೆಸುಗೆಗೆ ಏನೆನ್ನುತ್ತಿದ್ದನೋ! “ವಂಶವಾಹಿಸಮಷ್ಟಿ” ಎಂಬುದು ನಿರ್ದುಷ್ಟ.

ಸಂಸ್ಕೃತಜ್ಞರಿಗೆ ಇಷ್ಟರಿಂದ ತೃಪ್ತಿಯಾದೀತು. ಕಲಬುರಗಿಯ ತೊಗರಿಹೊಲದಲ್ಲಿ ನಿಂತವನಿಗೆ ಆಗದು. ಆತನ ಪೈರನ್ನು ಒಣಗಿಸುವ ನೆಟೆರೋಗಕ್ಕೆ ಕಾರಣವು ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರ. ಅದು ಬೆಳೆಯ ಕೂಳೆಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. ಅದೇ ಕುಲದ ಮತ್ತೊಂದು ಶಿಲೀಂಧ್ರವು ಬಾಳೆಗೆ ಪನಾಮ ರೋಗವನ್ನು ತರುತ್ತದೆ. ಹುಮನಾಬಾದಿನ ದಾರಿಯ ಕಮಲಾಪುರವಾದರೋ ಕೆಂಪುಬಾಳೆಗೆ ಹೆಸರಾದ ಊರು. ಇಂತಿರಲು ಈ ಶಾಸ್ತ್ರದಲ್ಲಿ ಜನರು ಕೈಜೋಡಿಸುವುದಕ್ಕೆ ಇವೆರಡಕ್ಕಿಂತ ತಕ್ಕ ನೆಲವನ್ನು ಹುಡುಕಬೇಕಾಗಿಲ್ಲ.

ಕೈಜೋಡಿಸುವುದೆಂದರೇನು? 2012ರಲ್ಲಿ ಮೊದಲಾದ ಅಮೆರಿಕನ್ ಗಟ್ ಯೋಜನೆಯಲ್ಲಿ ಜನರು ತಮ್ಮ ದೇಹದ ಮಾದರಿಯನ್ನು ಕಳಿಸಿದುದಲ್ಲದೆ, ಆಹಾರ ಆರೋಗ್ಯಗಳ ವಿವರವನ್ನೂ ಬರೆದುಕೊಟ್ಟರು. ಆ ವಿವರವಿಲ್ಲದೆ ಅಕ್ಷರಕ್ರಮವು ಅರ್ಥ ಕೊಡದು. ಹೊಲದ ವಿಷಯದಲ್ಲಿ ವಿವರ ಬಲ್ಲವನು ರೈತನೇ: ಎರೆಯೋ ಮಸಾರಿಯೋ, ನೆಟೆ ಯಾವ ಮೂಲೆಯಲ್ಲಿ ಮೊದಲು ಕಾಣುವುದು, ಹಿಂದಿನ ವರ್ಷ ಜೋಳ ಬಿತ್ತಿದ್ದನೋ ಇಲ್ಲವೋ. ಅವನ ಮಾತನ್ನು ಬಿಟ್ಟು ಮಣ್ಣಿನ ಚೀಲವನ್ನಷ್ಟೇ ಪಡೆದರೆ ಅದು ಸಹಯೋಗವಲ್ಲ, ಹೊರೆಗೆಲಸ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಸೂಕ್ಷ್ಮಜೀವಿಗಳ ಲೆಕ್ಕ ಅವುಗಳಲ್ಲಿಲ್ಲ, ರೈತನ ನೆನಪಿಗೂ ಎಡೆಯಿಲ್ಲ. ಓದದೆಯೂ ಕಾವ್ಯದ ಮರ್ಮ ಬಲ್ಲ ಜನವೆಂದು ನಾಡವರನ್ನು ಕೊಂಡಾಡಿದ ಕವಿರಾಜಮಾರ್ಗವು ಹುಟ್ಟಿದ ರಾಷ್ಟ್ರಕೂಟರ ಆಸ್ಥಾನದ ಮಾನ್ಯಖೇಟ, ಈಗಿನ ಮಳಖೇಡ, ಇದೇ ಜಿಲ್ಲೆಯಲ್ಲಿದೆಯೆಂಬುದನ್ನು ಪರಿಭಾಷಾಕಾರರು ಮರೆಯಬಾರದು.

ಆದಕಾರಣ “ವಂಶವಾಹಿಸಮಷ್ಟಿ”ಯು ಗ್ರಂಥದಲ್ಲಿರಲಿ. ರೈತನಿಗೆ ಕೊಡುವ ಪತ್ರದಲ್ಲಿ “ಮಣ್ಣಿನೊಳಗಿನ ಜೀವಿಗಳ ಕುರುಹು” ಎಂದಿರಲಿ. ಇದು ಬರಿಯ ಸೌಲಭ್ಯದ ಮಾತಲ್ಲ, ಅರ್ಥಶುದ್ಧಿಯ ಮಾತು. ಸತ್ತ ಜೀವಿಯ ಡಿ.ಎನ್.ಎ.ಯೂ ಮಣ್ಣಿನಲ್ಲಿ ಬಹುಕಾಲ ಉಳಿಯುವುದುಂಟು. “ನಿನ್ನ ಹೊಲದಲ್ಲಿ ನೆಟೆಯ ಶಿಲೀಂಧ್ರ ಇದೆ” ಎಂಬ ವಾಕ್ಯವನ್ನು ನಂಬಿ ಒಬ್ಬನು ತೊಗರಿಯನ್ನೇ ಬಿಟ್ಟಾನು. “ಕುರುಹು ಸಿಕ್ಕಿದೆ” ಎಂದರೆ, ಅದು ಬದುಕಿದೆಯೋ ಇಲ್ಲವೋ ಎಂದು ಮರಳಿ ಕೇಳಿಯಾನು.